ಹಿಂದಿನ ಗಾಲಿಯ ಮೇಲೆ ಅಕ್ಕ

ನಮ್ಮ ಭಾವ ಹುಚ್ಚರಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದೆ ಹೇಳಿದರೆ ನೀವು ನಂಬಲಿಕ್ಕಿಲ್ಲ! ಕಲ್ಯಾಣದಲ್ಲಿ ಅವರದೊಂದು ಹಿಟ್ಟಿನ ಗಿರಣಿ ಇತ್ತು, ಮನೆ ತುಂಬ ಜನರಿದ್ದರು, ನನ್ನ ಅಕ್ಕನಂಥ ಹೆಂಡತಿ ಇದ್ದಳು. ಇಷ್ಟೆಲ್ಲ ಇದ್ದವರಿಗೆ ಮೂರು ಗಾಲಿಯ ಮೋಟಾರು ಯಾಕೆ ಬೇಕಿತ್ತು? ಅದನ್ನು ಮಾತ್ರ ಕೇಳಬೇಡಿ.

ಎರಡನೆಯ ಮಹಾಯುದ್ಧ ಶುರುವಾಗುವುದಕ್ಕೆ ಎರಡು ವರ್ಷ ಮುಂಚಿನ ಮಾತು. ಜಾಗೀರದಾರರೊಬ್ಬರು ವಿಲಾಯತಿಯಿಂದ ತರಿಸಿದ್ದ ಓಟದ ಗಾಡಿ ಅದು. ಮುಂದೆ ಎರಡು ಗಾಲಿ, ಹಿಂದೆ ಒಂದೇ. ಎಂಜಿನ್ನಿನ ಶಕ್ತಿಯೆಲ್ಲ ಆ ಒಂಟಿ ಗಾಲಿಗೆ. ಒಣ ರಸ್ತೆಯಲ್ಲಿ ಬಾಣ, ಕೆಸರಿನಲ್ಲಿ ಮೊಂಡು ಎಮ್ಮೆ! ಹಿಂದಿನ ಗಾಲಿ ನಿಂತಲ್ಲೇ ಗಿರಗಿರ ತಿರುಗುತ್ತಿತ್ತು. ಬೇಸತ್ತ ಜಾಗೀರದಾರರು, ತಮ್ಮ ತೋಟದ ನೀರೆತ್ತುವ ಎಂಜಿನ್ ರಿಪೇರಿ ಮಾಡಿಕೊಟ್ಟ ಭಾವನಿಗೆ ಅದನ್ನು ಇನಾಮು ಕೊಟ್ಟು ಕೈತೊಳೆದುಕೊಂಡರು.

ನಮ್ಮ ಕಡೆ ಪಂಚಮಿಗೆ ಅಣ್ಣತಮ್ಮಂದಿರು ಹೋಗಿ ಅಕ್ಕತಂಗಿಯರನ್ನು ತವರಿಗೆ ಕರೆತರಬೇಕು. ಹಬ್ಬ ಬರುವುದು ಶ್ರಾವಣದಲ್ಲಿ, ಅಂದರೆ ಕೆಸರಿನಲ್ಲಿ. ಆ ವರ್ಷ ನಾನು ಹುಮನಾಬಾದಿನಿಂದ ಕರೆಯಲು ಹೋದಾಗ, ಎತ್ತಿನ ಗಾಡಿ ಬೇಡವೆಂದು ಭಾವ ಮೋಟಾರು ತೆಗೆದರು. ಇಬ್ಬರ ಜಾಗದಲ್ಲಿ ಮೂವರು ತುರುಕಿಕೊಂಡೆವು. ಹುಮನಾಬಾದು ಇನ್ನೇನು ಬಂತು ಎನ್ನುವಾಗ ಒಂದು ದಿಬ್ಬ. ಅಲ್ಲಿ ಗಾಲಿ ಜಾರಿತು. ನಾನೂ ಅಕ್ಕನೂ ಇಳಿದು ನೂಕಿದೆವು. ಗಾಲಿ ಅವಳ ಹಬ್ಬದ ಸೀರೆಗೆ ಸೆರಗಿನಿಂದ ಅಂಚಿನವರೆಗೆ ಕೆಸರು ಎರಚಿತು. ಬಾಗಿಲಲ್ಲಿ ಅವ್ವ ಕೇಳಿದಳು: “ಯವ್ವಾ, ಹೊಲಕ್ಕ ಹೋಗಿ ಬಂದೀಯೇನ?”

ಓಣಿಯ ಹೆಂಗಸರೆಲ್ಲ ನಕ್ಕರು. ಅಕ್ಕ ನಗಲಿಲ್ಲ. ಭಾವ ಅಲ್ಲಿಯೇ ಎಲ್ಲರೆದುರು ಆಣೆ ಮಾಡಿದರು: “ಮುಂದಿನ ಪಂಚಮಿಗಿ ಇಕಿ ಕುಂತಲ್ಲೇ ಕುಂತು ತವರಮನಿಗಿ ಬರ್ತಾಳ. ಕಾಲ ಕೆಳಗ ಇಡಸಂಗಿಲ್ಲ!”

ಆಮೇಲೆ ಶುರುವಾಯಿತು ನೋಡಿ, ಗಾಲಿಗೆ ನೆಲ ಹಿಡಿಯುವುದನ್ನು ಕಲಿಸುವ ಪಾಠ! ಮೊದಲು ಟೈರಿಗೆ ಪುಂಡಿನಾರಿನ ಹಗ್ಗ ಸುತ್ತಿದರು. ಎರಡು ಫರ್ಲಾಂಗು ಓಡುವಷ್ಟರಲ್ಲಿ ಹಗ್ಗ ಬಿಚ್ಚಿ ಅಚ್ಚಿಗೆ ಸುತ್ತಿಕೊಂಡು, ಅದನ್ನು ಬಿಡಿಸುವುದರಲ್ಲಿ ಒಂದು ದಿನ ಹೋಯಿತು. ಆಮೇಲೆ ಚಪ್ಪಲಿ ಹೊಲಿಯುವ ಮೋಚಿಯನ್ನು ಕರೆಸಿ, ಟೈರಿಗೆ ಮೊಳೆ ಹೊಡೆದ ಚರ್ಮದ ಹೊದಿಕೆ ಹೊಲಿಯಲು ಹೇಳಿದರು. ಆತ ಗಾಡಿಗೆ ಎರಡು ಸುತ್ತು ಹಾಕಿ ನೋಡಿದ.

“ಹೊಲಿತೀನ್ರಿ. ಆದ್ರ ಒಂದೇ ಕೆರ ಯಾರ ಹೊಲಿಸ್ತಾರ್ರಿ? ಇದರ ಇನ್ನೊಂದ ಕಾಲು ಎಲ್ಲದ?”

ಆ ಕೆರವೂ ಕೆಸರಿನಲ್ಲಿ ಕಳಚಿಹೋದ ಮೇಲೆ ಭಾವನಿಗೆ ಹೊಳೆಯಿತು. ಗಾಲಿಗೆ ಬೇಕಾದದ್ದು ಬಟ್ಟೆಬರೆಯಲ್ಲ, ತಲೆಯ ಮೇಲೆ ಭಾರ! ಟೈರಿನ ಗಾಳಿಯನ್ನು ಹೆಬ್ಬೆರಳಿಗೆ ಬಗ್ಗುವಷ್ಟು ಇಳಿಸಿದರು. ಟೈರು ಅಗಲವಾಗಿ ನೆಲಕ್ಕೆ ಕೂತಿತು. ಅದರ ನೇರ ಮೇಲೆ ಗಿರಣಿಯ ಸವೆದ ಕಲ್ಲೊಂದನ್ನು ಕಟ್ಟಿದರು. ಗಾಡಿ ದಿಬ್ಬವನ್ನೇನೋ ಹತ್ತಿತು, ಆದರೆ ಇಳಿಯುವಾಗ ಹಗ್ಗ ಹರಿದು ಕಲ್ಲು ಯಾರದೋ ತೊಗರಿ ಹೊಲಕ್ಕೆ ಉರುಳಿತು. ಮರುದಿನ ತರಲು ಹೋದರೆ ಹೊಲದವನು ಅದಕ್ಕೆ ಕುಂಕುಮ ಹಚ್ಚಿ ಕಾಯಿ ಒಡೆದಿದ್ದ. ದೇವರನ್ನು ಗಾಡಿಯಲ್ಲಿ ಕಟ್ಟಿ ತರಲಾದೀತೇ? ಬರಿಗೈಯಲ್ಲಿ ಬಂದರು.

ಅಕ್ಕ ರೊಟ್ಟಿ ಬಡಿಯುತ್ತಲೇ ಒಳಗಿನಿಂದ ಹೇಳಿದಳು: “ಅಲ್ರೀ, ಆ ಕಲ್ಲಿನ ಜಾಗದಾಗ ನಾನೇ ಕೂಡ್ತೀನಿ. ನಿಮಗ ಎರಡೂ ಒಂದೇ ಅಲ್ಲೇನು?”

ಭಾವ ಇದನ್ನು ಜಗಳವೆಂದು ತಿಳಿಯಲೇ ಇಲ್ಲ. “ಬರಾಬರ್ ಹೇಳ್ದಿ!” ಎಂದು ಎದ್ದು ಅಳತೆಪಟ್ಟಿ ತಂದರು! ಅಕ್ಕ ಆಗ ತುಂಬು ಮೈಯವಳು. ನಾನು ಕಡ್ಡಿ ಪೈಲ್ವಾನ, ಯಾವ ಲೆಕ್ಕಕ್ಕೂ ಇಲ್ಲ. ಗಾಲಿಯ ಮೇಲೆ ಹಿಮ್ಮುಖವಾಗಿ ಒಂದು ಪೀಠ ಸಿದ್ಧವಾಯಿತು. ಆ ಪಂಚಮಿಗೆ ಗಾಡಿ ದಿಬ್ಬವನ್ನು ಒಂದೇ ಉಸಿರಿಗೆ ಹತ್ತಿತು. ಊರಿನವರಿಗೆ ಮೊದಲು ಕಂಡದ್ದು ಭಾವ ಮತ್ತು ನಾನು; ದಾಟಿ ಹೋದ ಮೇಲೆ ಅಕ್ಕ, ಸೆರಗು ಹೊದ್ದು ರಾಣಿಯಂತೆ ಕೂತು ಎಲ್ಲರಿಗೂ ಕೈಮುಗಿಯುತ್ತ! ನಾಲ್ಕಾರು ವರ್ಷ ಹೀಗೇ ನಡೆಯಿತು.

ಆಮೇಲೆ ಯುದ್ಧದ ಅಭಾವ ಬಂತು. ಪೆಟ್ರೋಲು ಸಿಗದು, ಭಾವ ವರ್ಷವಿಡೀ ಒಂದು ಡಬ್ಬಿ ಕೂಡಿಟ್ಟು ಪಂಚಮಿಗೆ ಮಾತ್ರ ಗಾಡಿ ತೆಗೆಯುತ್ತಿದ್ದರು. ಗಿರಣಿಗೆ ಬರುವ ಕಾಳು ಇಳಿಯಿತು, ಉಣ್ಣುವ ಬಾಯಿಗಳು ಇಳಿಯಲಿಲ್ಲ. ಅಂಥ ಒಂದು ವರ್ಷ ನಾನು ಹೋದಾಗ ಅಕ್ಕ ನನಗೆ ಬಿಸಿ ರೊಟ್ಟಿ ಬಡಿಸಿದಳು. ನಾನು ಇನ್ನೊಂದು ಕೇಳಿ ಹಾಕಿಸಿಕೊಂಡೆ.

ಮರುದಿನ ದಿಬ್ಬದ ಮೇಲೆ ಗಾಲಿ ಜಾರಿತು.

ಭಾವ ಇಳಿದು ಟೈರು ಒತ್ತಿ ನೋಡಿದರು. ಗಾಳಿ ಸರಿ ಇತ್ತು. ಟೈರು ಸವೆದಿರಲಿಲ್ಲ. ಕೆಸರು ಪ್ರತಿ ವರ್ಷದಷ್ಟೇ. ಆಮೇಲೆ ಅಕ್ಕನ ಎರಡೂ ತೋಳಿನ ಕೆಳಗೆ ಕೈಹಾಕಿ ಅವಳನ್ನು ಪೀಠದಿಂದ ಮೇಲಕ್ಕೆತ್ತಿದರು. ನನ್ನೆದುರೇ! ಎತ್ತಿದವರು ಹಾಗೆಯೇ ನಿಂತುಬಿಟ್ಟರು. ಸೀರೆಯ ನೆರಿಗೆಯೊಳಗೆ ಮನುಷ್ಯಳು ಅರ್ಧ ಉಳಿದಿದ್ದಳು.

“ನಿನ್ನೆ ಏನ ಉಂಡಿ?”

“ಎಲ್ಲಾರೂ ಉಂಡ ಮ್ಯಾಲ ಉಂಡೇನ್ರಿ.”

“ಏನ ಉಂಡಿ ಅಂತ ಕೇಳಾಕತ್ತೇನಿ.”

ಅಕ್ಕ ರಸ್ತೆ ನೋಡಿದಳು. ನಮ್ಮಲ್ಲಿ ಮನೆಯಾಕೆ ಎಲ್ಲರಿಗೂ ಬಡಿಸಿ ಕೊನೆಗೆ ಉಣ್ಣುತ್ತಾಳೆ. ಅವಳ ತಾಟಿನಲ್ಲಿ ಏನಿದೆ, ತಾಟು ಇದೆಯೋ ಇಲ್ಲವೋ, ಎದ್ದು ಹೋದವರಿಗೆ ಹೇಗೆ ಗೊತ್ತಾಗಬೇಕು? ನಾನು ಕೇಳಿ ಹಾಕಿಸಿಕೊಂಡ ಆ ಎರಡನೆಯ ರೊಟ್ಟಿ ಯಾರದೆಂದು ನನಗೆ ಆಗ ತಿಳಿಯಿತು. ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ.

ಭಾವ ಬುತ್ತಿಯ ಗಂಟು ಬಿಚ್ಚಿದರು. ನಾಲ್ಕು ರೊಟ್ಟಿ, ಚಟ್ನಿಪುಡಿ, ಎಳ್ಳಿನ ಉಂಡೆ.

“ಅದು ಅವ್ವಗ ಒಯ್ಯಾಕತ್ತದ್ದು, ಬ್ಯಾಡ್ರಿ,” ಎಂದಳು ಅಕ್ಕ.

“ನಿಮ್ಮವ್ವನ ಮುಂದ ನಾ ಹೇಳ್ತೀನಿ. ನೀ ಉಣ್ಣು.” ಅವಳನ್ನು ಪೀಠದ ಮೇಲೆ ಕೂರಿಸಿ ಗಂಟನ್ನು ಮಡಿಲಿಗಿಟ್ಟರು. “ನಾ ಇಳಿತೀನ್ರಿ, ನೂಕ್ತೀನಿ,” ಎಂದು ಅಕ್ಕ ಎದ್ದಳು. ಭಾವ ಅವಳ ಹೆಗಲು ಹಿಡಿದು ಕೂರಿಸಿದರು. ಕೂಗಿದ್ದು ನನ್ನ ಮೇಲೆ: “ತಮ್ಮಾ, ನೀ ಗಾಡಿ ಹಿಡಿ! ಹಿಂದ ನಾ ಇರ್ತೀನಿ.”

ಅವರ ಗಾಡಿಯ ಸ್ಟಿಯರಿಂಗನ್ನು ನಾನು ಮುಟ್ಟಿದ್ದು ಅದೇ ಮೊದಲು. ಹಿಂದೆ ತಿರುಗುವ ಧೈರ್ಯವಿರಲಿಲ್ಲ, ನಾನು ಅಳುತ್ತಿದ್ದೆ. ಗಾಡಿ ಗೇಣು ಗೇಣಾಗಿ ಮೇಲೇರುತ್ತಿತ್ತು. ಗಾಲಿ ಎರಚುವ ಕೆಸರೆಲ್ಲ ಭಾವನ ಮೇಲೇ ಬೀಳುತ್ತಿದ್ದಿರಬೇಕು. ಎಂಜಿನ್ನಿನ ಸದ್ದಿನ ನಡುವೆ ಏದುಸಿರು ಬಿಡುವ ಅವರ ದನಿ ದಿಬ್ಬದ ತುದಿಯವರೆಗೂ ಕೇಳುತ್ತಲೇ ಇತ್ತು:

“ಅಗಿ... ನುಂಗಿದೇನು?... ಬಾಯಿ ತೆಗಿ, ತೋರಿಸು.”