ಮಧ್ಯಾಹ್ನದ ನೀರಿನ ಪತ್ತೇದಾರಿಕೆ

ನನ್ನ ಹೆಂಡತಿ ಯುವೆ-ಚಿನ್‌ಗೆ ನನ್ನ ಮೇಲಿರುವ ನಂಬಿಕೆ ತನ್ನ ಆರ್ಕಿಡ್ ಗಿಡಗಳ ಮೇಲಿರುವುದಕ್ಕಿಂತ ತುಸು ಕಡಿಮೆ. ಅವಳ ತಪ್ಪೇನಿಲ್ಲ, ಗಿಡಗಳಾದರೂ ವರ್ಷಕ್ಕೊಮ್ಮೆ ಹೂ ಬಿಡುತ್ತವೆ.

ತೈನಾನ್ ಊರಾಚೆಯ ನಮ್ಮ ಹಸಿರುಮನೆಯಲ್ಲಿ ಪರದೆ ಎಳೆಯುವುದು, ಗಾಳಿ ಬಿಡುವುದು, ತುಂತುರು ನೀರು ಹಾಯಿಸುವುದು ಎಲ್ಲವೂ ನಾನು ಬರೆದ ಪ್ರೋಗ್ರಾಮಿನ ಕಾರುಬಾರು. ಅಂಗೈಯಗಲದ ಒಂದು ಪುಟ್ಟ ಕಂಪ್ಯೂಟರಿನಲ್ಲಿ ಅದು ಎರಡು ವರ್ಷದಿಂದ ತಣ್ಣಗೆ ಕೆಲಸ ಮಾಡಿಕೊಂಡಿತ್ತು. ಈಗ ಎರಡು ವಾರದಿಂದ ಮಾತ್ರ, ನೀರು ಬಿಡಬಾರದ ಮಟಮಟ ಮಧ್ಯಾಹ್ನ ತಾನಾಗಿಯೇ ನೀರು ಬಿಡತೊಡಗಿತು. ಹೂದಳಗಳ ಮೇಲೆ ಕಂದು ಚುಕ್ಕೆ ಬಿದ್ದವು. ಶುಕ್ರವಾರದ ಪ್ರದರ್ಶನಕ್ಕೆಂದು ಯುವೆ-ಚಿನ್ ನಾಲ್ಕು ವರ್ಷ ಸಾಕಿದ ಬಿಳಿ ಆರ್ಕಿಡ್ಡಿನ ಕೆಳಗಿನ ಹೂವಿಗೂ ಒಂದು ಚುಕ್ಕೆ ತಗುಲಿತು.

"ನೀರು ಬಿಡು ಅಂತ ಅದಕ್ಕೆ ಹೇಳ್ತಿರೋದು ಯಾರು?" ಎಂದು ಅವಳು ಕೇಳಿದಳು. ಕೋಪವಿರಲಿಲ್ಲ, ನಿಜವಾದ ಕುತೂಹಲವಿತ್ತು. ಪ್ರೋಗ್ರಾಮು ಮಾಡಿದ್ದನ್ನು ಎಲ್ಲಿಯೂ ಬರೆದಿಡುತ್ತಿರಲಿಲ್ಲ.

ಸ್ಟೂಲು ಹಾಕಿಕೊಂಡು ಕೂತು ನೀರು ಬಿಡುವ ಹೊತ್ತನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತೇನೆಂದು ನನ್ನ ಅತ್ತೆ ಮುಂದೆ ಬಂದರು. ಮೂರು ಸಾಲು ಕೋಡ್ ಸೇರಿಸಿದರೆ ಸಾಲದೇ ಎಂದು ಹೆಂಡತಿ ಕೇಳಿದಳು. ನಾನು ಇಬ್ಬರನ್ನೂ ಕರುಣೆಯಿಂದ ನೋಡಿದೆ. ನಡೆದದ್ದನ್ನೆಲ್ಲ ಗಳಿಗೆ ಸಮೇತ ದಾಖಲಿಸುವ ಲಾಗಿಂಗ್ ಲೈಬ್ರರಿಯನ್ನು, ಅಂದರೆ ಸಿದ್ಧ ಕೋಡಿನ ಕಟ್ಟನ್ನು, ಪುಣ್ಯಾತ್ಮರು ಬರೆದು ಜಗತ್ತಿಗೆ ಪುಕ್ಕಟೆಯಾಗಿ ಕೊಟ್ಟಿರುವಾಗ, ಅದನ್ನು ತಂದು ಜೋಡಿಸುವುದೇ ಸುಸಂಸ್ಕೃತರ ಲಕ್ಷಣವೆಂದು ಉಪದೇಶಿಸಿದೆ. ಅರ್ಧ ದಿನದ ಕೆಲಸ ಎಂದೂ ಹೇಳಿಬಿಟ್ಟೆ. (ಲಾಗ್ ಬರೆಸಲು ಹೊರಟ ನಾನೇ ಲಾಗ ಹಾಕಲಿದ್ದೇನೆಂದು ಆಗ ತಿಳಿದಿರಲಿಲ್ಲ.)

ಲೈಬ್ರರಿಯನ್ನು ನನ್ನ ಲ್ಯಾಪ್‌ಟಾಪಿನಲ್ಲಿ ಬಿಲ್ಡ್ ಮಾಡಲು, ಅಂದರೆ ಯಂತ್ರಕ್ಕೆ ತಿಳಿಯುವ ರೂಪಕ್ಕೆ ತರಲು, ನಲವತ್ತು ನಿಮಿಷ ಹಿಡಿಯಿತು. ಸುಸೂತ್ರವಾಗಿ ಮುಗಿದ ಖುಷಿಗೆ ಎರಡು ಬಟ್ಟಲು ಮೀನಿನ ಗಂಜಿ ಕುಡಿದು ಬಂದು ನನ್ನ ಪ್ರೋಗ್ರಾಮಿಗೆ ಲಿಂಕ್ ಮಾಡಿ ಗಂಟು ಹಾಕಿದೆ. ಲ್ಯಾಪ್‌ಟಾಪಿನ ಪರದೆಯ ತುಂಬ ತಪ್ಪುಗಳು ಸುರಿದವು. ಪ್ರತಿ ಸಾಲಿನ ತಾತ್ಪರ್ಯವೂ ಒಂದೇ: ನೀನು ಹೆಸರಿಸಿದ ಈ ಆಸಾಮಿ ಎಲ್ಲಿಯೂ ಸಿಗುತ್ತಿಲ್ಲ.

ಯುವೆ-ಚಿನ್ ಹೆಗಲ ಮೇಲಿಂದ ಬಗ್ಗಿ ಓದಿ, ಹಾಗೆಂದರೇನೆಂದು ಕೇಳಿದಳು. ಲೈಬ್ರರಿಯಲ್ಲಿ ಏನೇನಿದೆ ಎಂಬ ಪಟ್ಟಿ ಬೇರೆ, ಲೈಬ್ರರಿಯೇ ಬೇರೆ ಎಂದು ನಾನು ವಿವರಿಸಿದೆ.

"ಅಂದ್ರೆ ಔತಣದ ಕಾಗದದಲ್ಲಿ ಅಡುಗೆಯವನ ಹೆಸರು ಹಾಕ್ಸಿದೀಯ, ಅಡುಗೆಯವನನ್ನ ಮಾತ್ರ ಕರ್ದಿಲ್ಲ."

ಹೆಚ್ಚುಕಡಿಮೆ ಹಾಗೆಯೇ ಆಗಿತ್ತು. ಲಿಂಕ್ ಮಾಡಬೇಕಾದವರ ಸಾಲಿನಲ್ಲಿ ಲೈಬ್ರರಿಯ ಹೆಸರು ಸೇರಿಸುವುದನ್ನೇ ಮರೆತಿದ್ದೆ. ಸೇರಿಸಿದೆ. ಈ ಸಲ, ಸಿಕ್ಕಿದ ಲೈಬ್ರರಿ ಹೊಂದುವುದಿಲ್ಲ, ಬಿಟ್ಟು ಮುಂದೆ ಹೋಗುತ್ತಿದ್ದೇನೆ ಎಂಬ ಸಂದೇಶ ಬಂತು. ಆ ದಿನ ಮುಗಿಯಿತು, ಮರುದಿನವೂ ಮುಗಿಯಿತು. ಲೈಬ್ರರಿ ಬರೆದ ಪುಣ್ಯಾತ್ಮರು ನನ್ನ ಬಾಯಲ್ಲಿ ಪಾಪಿಗಳಾದರು. ಮೂರನೆಯ ದಿನ ಬೆಳಿಗ್ಗೆ ಯುವೆ-ಚಿನ್ ಕುಂಡಗಳ ಚೀಟಿ ಓದುವಷ್ಟೇ ನಿಧಾನವಾಗಿ ಪರದೆಯನ್ನು ಓದಿದಳು.

"ಇಲ್ಲಿ ಎರಡು ಬೇರೆ ಬೇರೆ ಜಾತಿ ಹೆಸರಿದೆಯಲ್ಲ. ಎರಡೂ ಒಂದೇನಾ?"

ಒಂದೇ ಅಲ್ಲ. ಒಂದು ಲ್ಯಾಪ್‌ಟಾಪಿನ ಜಾತಿ, ಇನ್ನೊಂದು ಪುಟ್ಟ ಕಂಪ್ಯೂಟರಿನದು. ನಾನು ಲೈಬ್ರರಿಯನ್ನು ಕಟ್ಟಿದ್ದು ತಪ್ಪು ಯಂತ್ರಕ್ಕೆ. ನನಗೂ ಆಗಲೇ ಅನುಮಾನ ಬಂದಿತ್ತು ಎಂದೆ. ಅತ್ತೆ ಕೆಮ್ಮಿದರು.

ಸರಿಯಾದ ಯಂತ್ರಕ್ಕೆ ಮತ್ತೆ ಬಿಲ್ಡ್ ಮಾಡಿದೆ. ಲಿಂಕ್ ಆಯಿತು. ಮಧ್ಯಾಹ್ನ ಎಂದಿನಂತೆ ನೀರು ಹಾರಿತು. ಸಂಜೆ ಚಹಾದ ಹೊತ್ತಿಗೆ ಮೂವರೂ ಲ್ಯಾಪ್‌ಟಾಪಿನ ಮುಂದೆ ಕೂತೆವು. ದಾಖಲೆ ಎಷ್ಟು ಅಚ್ಚುಕಟ್ಟಾಗಿತ್ತೆಂದರೆ ನನಗೆ ಹೆಮ್ಮೆಯಾಯಿತು. ಯುವೆ-ಚಿನ್ ಗಟ್ಟಿಯಾಗಿ ಓದಿದಳು:

"ಒಂದು ಹದಿನಾಲ್ಕು, ನೀರು ಚಾಲೂ, ಆಜ್ಞೆ ಒಂದನೇ ಫೋನಿಂದ. ಒಂದು ಹದಿನೈದು, ಬಂದ್, ಒಂದನೇ ಫೋನು. ಒಂದು ಇಪ್ಪತ್ತೆರಡು, ಮತ್ತೆ ಚಾಲೂ." ಅವಳು ತಲೆಯೆತ್ತಿದಳು. "ಒಂದನೇ ಫೋನು ಯಾರದು?"

ನನ್ನದು. ನಮ್ಮೆಲ್ಲರ ಫೋನಿನಲ್ಲೂ ಹಸಿರುಮನೆಗೆ ಆಜ್ಞೆ ಕೊಡುವ ಗುಂಡಿಗಳಿವೆ; ಅತ್ತೆಗೂ ಕಾಣಲೆಂದು ಎರಡು ವಾರದ ಹಿಂದೆ ನೀರಿನ ಗುಂಡಿಯನ್ನು ದೋಸೆಯಷ್ಟು ದೊಡ್ಡದು ಮಾಡಿದ್ದೆ.

"ಒಂದೂಕಾಲಿಗೆ ನೀನು ಹಿಂದಿನ ಕೋಣೇಲಿ ಬಾಗಿಲು ಹಾಕ್ಕೊಂಡು ಕೆಲಸ ಮಾಡ್ತಿದ್ದೆ ಅಲ್ವಾ?"

ನಾನು ಚಹಾ ಕುಡಿದೆ. ಹಿಂದಿನ ಕೋಣೆಯಲ್ಲಿ ಮೇಜಿನ ಜೊತೆ ಒಂದು ಮಂಚವೂ ಇದೆ, ಫೋನು ನನ್ನ ಜೇಬಿನಲ್ಲಿರುತ್ತದೆ. ಅವಳು ಆಸಕ್ತಿಯಿಂದ ಮುಂದಿನ ಸಾಲುಗಳನ್ನೂ ಓದಿ, ಒಂದು ಇಪ್ಪತ್ತೆಂಟರಿಂದ ಮೂವತ್ತರೊಳಗೆ ಏಳು ಸಲ ಆಗಿದೆ, ಯಾವ ಮಗ್ಗುಲಿಗೆ ಹೊರಳುತ್ತೀಯ ಎಂದು ಕೇಳಿದಳು.

ಚುಕ್ಕೆ ಬಿದ್ದ ಹೂವನ್ನು ಅವಳೇ ಕತ್ತರಿಸಿದಳು. ಉಳಿದ ಎಂಟು ಹೂಗಳೊಡನೆ ಆ ಗಿಡ ಪ್ರದರ್ಶನಕ್ಕೆ ಹೋಗಿ ಮೂರನೆಯ ಬಹುಮಾನ ತಂದಿತು. ನಾನು ಗುಂಡಿಗೆ ಬೀಗ ಹಾಕಿದೆ. ಕಳ್ಳ ಸಿಕ್ಕಿದ ಮೇಲೆ ಲೈಬ್ರರಿ ಯಾಕೆ, ಸುಮ್ಮನೆ ಜಾಗ ತಿನ್ನುತ್ತದೆ, ತೆಗೆದುಬಿಡಲೇ ಎಂದು ಮೆಲ್ಲಗೆ ಕೇಳಿದೆ.

"ಅಷ್ಟು ಕಷ್ಟಪಟ್ಟು ಜೋಡಿಸಿದೀಯ, ಇರ್ಲಿ ಬಿಡು. ಹಿಂದಿನ ಕೋಣೆ ದೀಪ ಯಾವಾಗ ಆರುತ್ತೆ ಅನ್ನೋದನ್ನೂ ಅದಕ್ಕೆ ಸೇರಿಸೋಕಾಗುತ್ತಾ?" ಎಂದಳು ಯುವೆ-ಚಿನ್.

ಆಗುತ್ತದೆ. ಅರ್ಧ ದಿನದ ಕೆಲಸ. ಈ ಸಲ ನಿಜವಾಗಿಯೂ ಅರ್ಧ ದಿನದಲ್ಲೇ ಮುಗಿಯಿತು.