ಬೂಟು ಬಿಚ್ಚಿದವನ ಹೀಟ್ ಪಂಪು

ಕೆಲವರಿಗೆ ಕೇಳಿದ ಹಾಡು ನೆನಪಿರುತ್ತದೆ, ಕೆಲವರಿಗೆ ಕಂಡ ಮುಖ. ನನಗೆ ನೆನಪಿರುವುದು ಆದ ಅವಮಾನ. ಇದನ್ನು ದೋಷವೆಂದು ನಾನು ಒಪ್ಪುವುದಿಲ್ಲ. ಅವಮಾನ ಮಾಡಿದವರು ಮನೆ ಸೇರುವ ಮೊದಲೇ ಅದನ್ನು ಮರೆತುಬಿಡುತ್ತಾರೆ. ಯಾರಾದರೊಬ್ಬರು ಜೋಪಾನವಾಗಿ ಇಟ್ಟುಕೊಳ್ಳದಿದ್ದರೆ ಅದರ ಗತಿಯೇನು? ಸ್ಟರ್ಲಿಂಗ್ ಹೈಟ್ಸ್‌ನ ನಾಗರಾಜನನ್ನೇ ತೆಗೆದುಕೊಳ್ಳಿ. ಒಂದೇ ಕಾರ್ಖಾನೆಯಲ್ಲಿ ನನ್ನೊಡನೆ ದುಡಿದವನು. ಒಂದು ಸಂಕ್ರಾಂತಿಗೆ ಮಿಶಿಗನ್ನಿನ ನೋವೈ ಊರಿನ ನಮ್ಮ ಮನೆಗೆ ಊಟಕ್ಕೆ ಬಂದು, ತೊಟ್ಟ ಕೋಟನ್ನು ಬಿಚ್ಚದೆಯೇ ಕುಳಿತು, "ರಾಘಣ್ಣ, ನಿಮ್ಮನೇಲಿ ಹಾಲಿಗೆ ಹೆಪ್ಪು ಹಾಕಿದ್ರೆ ಮೊಸರಾಗುತ್ತೋ, ಐಸ್‌ಕ್ರೀಮ್ ಆಗುತ್ತೋ?" ಎಂದ. ಬಂದವರೆಲ್ಲ ನಕ್ಕರು. ನನ್ನ ಹೆಂಡತಿ ವಿಮಲಾ ಕೂಡ ನಕ್ಕಳು, ಅದೂ ನೆನಪಿದೆ. ಈ ಮಾತು ನನಗೆ ಅಷ್ಟು ನಾಟಲು ಕಾರಣವಿತ್ತು. ನೌಕರಿಯ ಉದ್ದಕ್ಕೂ ನಾನು ಮಾಡಿದ್ದು ಕಾರುಗಳ ಹೀಟರ್ ವಿನ್ಯಾಸ. ಗುರುತು ಪರಿಚಯವಿಲ್ಲದ ಎಷ್ಟೋ ಜನರ ಪಾದಗಳನ್ನು ಬೆಚ್ಚಗಿಟ್ಟ ನನಗೆ, ಸ್ವಂತ ಮನೆಯಲ್ಲಿ, ಅಂದು ಎಲ್ಲರೂ ಊಟಕ್ಕೆ ಕುಳಿತಿದ್ದ, ಗ್ಯಾರೇಜಿನ ಮೇಲಿರುವ ಕೋಣೆಯನ್ನು ಬೆಚ್ಚಗಿಡಲು ಸಾಧ್ಯವಾಗಿರಲಿಲ್ಲ.

ಆ ಕೋಣೆಯ ವಿಷಯ ಹಾಗೆಯೇ ಮುಚ್ಚಿಹೋಗುತ್ತಿತ್ತೇನೋ, ಆದರೆ ನಮ್ಮ ಮಗಳು ಮೇಘಾ ಗರ್ಭಿಣಿಯಾದಳು. ಅವಳಿರುವುದು ಚಿಕಾಗೋ ಪಕ್ಕದ ವೆಸ್ಟ್‌ಮಂಟ್‌ನಲ್ಲಿ, ಹೆರಿಗೆ ಡಿಸೆಂಬರಿನಲ್ಲಿ. ಬಾಣಂತನ ನಮ್ಮಲ್ಲಿ ಎಂದು ವಿಮಲಾ ಆಗಲೇ ಅಂಟಿನುಂಡೆಯ ಲೆಕ್ಕಾಚಾರದಲ್ಲಿದ್ದಳು. ಮೇಘಾ ಫೋನಿನಲ್ಲಿ, "ಅಪ್ಪಾ, ಐ ಲವ್ ಯು, ಬಟ್ ದಟ್ ರೂಮ್ ಈಸ್ ಅ ಫ್ರಿಡ್ಜ್. ಬೇಬಿ ಇಟ್ಕೊಂಡು ಅಲ್ಲಿ ಇರಕ್ಕಾಗಲ್ಲ. ಅಮ್ಮಾನೇ ಇಲ್ಲಿಗೆ ಬರಲಿ. ನೀವೂ ಬೇಕಾದ್ರೆ ಬನ್ನಿ" ಎಂದಳು. ಆ 'ಬೇಕಾದ್ರೆ' ಎಂಬುದನ್ನು ನಾನು ತಕ್ಷಣ ಮನಸ್ಸಿನಲ್ಲಿ ಗುರುತು ಹಾಕಿಕೊಂಡೆ. ಮಗಳು ತವರಿಗೆ ಬರುವುದನ್ನು ಕೇಳಿದ್ದೇನೆ. ತವರೇ ಸೂಟ್‌ಕೇಸು ಹಿಡಿದು ಹೈವೇಯಲ್ಲಿ ಡ್ರೈವ್ ಮಾಡಿಕೊಂಡು ಮಗಳ ಬಳಿಗೆ ಹೋಗುವುದನ್ನು ಕೇಳಿರಲಿಲ್ಲ. ಚಳಿಗಾಲ ಬರುವುದರೊಳಗೆ ಆ ಕೋಣೆ ಬೆಚ್ಚಗಾಗಲೇಬೇಕೆಂದು ಅಂದೇ ನಿಶ್ಚಯಿಸಿದೆ. ಅಂದಿನಿಂದ ಕೂತಲ್ಲಿ ಕೂರಲಾರೆ, ನಿಂತಲ್ಲಿ ನಿಲ್ಲಲಾರೆ.

ಮನೆಯನ್ನು ಬಿಸಿಮಾಡುವ ಹಳೆಯ ಗ್ಯಾಸ್ ಫರ್ನೇಸು ಹೇಗೂ ಕೆಮ್ಮುತ್ತಿತ್ತು. ಹೀಟ್ ಪಂಪು ಹಾಕಿಸುವುದೆಂದು ತೀರ್ಮಾನವಾಯಿತು. ಹೊರಗಿನ ತಣ್ಣನೆಯ ಗಾಳಿಯಲ್ಲಿ ಅಡಗಿರುವ ಶಾಖವನ್ನು ಹಿಂಡಿ ಒಳಗೆ ತರುವ ಯಂತ್ರವೆಂದು ವಿಮಲಾಳಿಗೆ ವಿವರಿಸಿದೆ.

"ಹೊರಗಡೆ ಎಲ್ಲ ಹೆಪ್ಪುಗಟ್ಟಿರುವಾಗ ಅಲ್ಲಿ ಶಾಖ ಎಲ್ಲಿಂದ ಬರುತ್ತೆ ರೀ?"

"ಇರುತ್ತೆ. ನಿನಗೆ ಕಾಣಲ್ಲ ಅಷ್ಟೆ."

"ಹಾಗಾದ್ರೆ ಅದು ಅಗ್ನಿನೋ, ವಾಯುನೋ? ಅಗ್ನಿ ಆದ್ರೆ ಆಗ್ನೇಯಕ್ಕೆ ಇಡಬೇಕು, ವಾಯು ಆದ್ರೆ ವಾಯವ್ಯಕ್ಕೆ."

ನಾನು ಓದಿದ ಯಾವ ಎಂಜಿನಿಯರಿಂಗ್ ಪುಸ್ತಕದಲ್ಲೂ ಇದಕ್ಕೆ ಉತ್ತರವಿರಲಿಲ್ಲ. ವಾಯವ್ಯದಲ್ಲಿ ಮಿಶಿಗನ್ನಿನ ಹಿಮಗಾಳಿ ನೇರವಾಗಿ ಬಂದು ಬಡಿಯುವುದರಿಂದ ಅದನ್ನು ಅಗ್ನಿಯೆಂದೇ ಸಾಧಿಸಿದೆ.

ಇನ್ನು ರಿಯಾಯಿತಿ. ರಾಜ್ಯದ ಯೋಜನೆಯೊಂದರಲ್ಲಿ ಹೀಟ್ ಪಂಪಿಗೆ ರಿಬೇಟು ಸಿಗುತ್ತದೆಂದೂ ನಾಗರಾಜ ಅದನ್ನು ಪಡೆದಿದ್ದಾನೆಂದೂ ದೇವಸ್ಥಾನದಲ್ಲಿ ತಿಳಿಯಿತು. ಅವನಿಗೆ ದೊರೆತದ್ದು ನನಗೆ ದೊರೆಯದಿರುವುದು ಹೇಗೆ? ಆದರೆ ಅದಕ್ಕೆ ಮನೆಯ ವರಮಾನ ಒಂದು ಮಿತಿಯೊಳಗಿರಬೇಕು. ಜೀವನವಿಡೀ ನನ್ನ ಸಂಬಳ ಕಡಿಮೆಯಲ್ಲವೆಂದು ನೆಂಟರೆದುರು ಸಾಧಿಸುತ್ತ ಬಂದವನು ಈಗ ಕಡಿಮೆಯೆಂದು ಸರ್ಕಾರದೆದುರು ಸಾಧಿಸಬೇಕಾಯಿತು. ಪಿಂಚಣಿಯ ಕಾಗದಗಳನ್ನು ಕಳುಹಿಸಿದ ಮೇಲೆ ಆ ಕಚೇರಿಯ ಹುಡುಗಿ ಫೋನು ಮಾಡಿ, ನನ್ನ ವರಮಾನ ಸಾಕಷ್ಟು ಕಡಿಮೆಯಿದೆಯೆಂದು ತುಂಬು ಸಂತೋಷದಿಂದ ಅಭಿನಂದಿಸಿದಳು. ನಾನು ಥ್ಯಾಂಕ್ಸ್ ಎಂದೆ. ಆ ಥ್ಯಾಂಕ್ಸ್ ಇನ್ನೂ ಗಂಟಲಲ್ಲಿದೆ.

ಬಳಿಕ ಗುತ್ತಿಗೆದಾರರು ಬಂದರು. ಮೊದಲನೆಯವನು ಕೈಲ್. ಬಾಗಿಲು ತೆರೆದ ನನ್ನನ್ನು ದಾಟಿ ಒಳಗೆ ನೋಡುತ್ತ, ಈ ಮನೆಯಲ್ಲಿ ನಿರ್ಧಾರ ತೆಗೆದುಕೊಳ್ಳುವವರು ಯಾರು ಎಂದು ಕೇಳಿದ. ಆಮೇಲೆ ಬೂಟುಗಾಲಿನಲ್ಲೇ ಮನೆಯೆಲ್ಲ ಸುತ್ತಿ ದೇವರ ಕೋಣೆಯ ಹೊಸ್ತಿಲವರೆಗೂ ಹೋದ. ವಿಮಲಾ ಕೊಟ್ಟ ಫಿಲ್ಟರ್ ಕಾಫಿಯನ್ನು ಎರಡು ಸಲ ಕುಡಿದ. ಮೈನಸ್ ಚಳಿಯಲ್ಲೂ ನಡೆಯುವ ಯಂತ್ರವೊಂದು, ಗ್ಯಾರೇಜಿನ ಮೇಲಿನ ಕೋಣೆಯ ಗೋಡೆಗೆ ಪ್ರತ್ಯೇಕ ಘಟಕವೊಂದು ಎಂದು ಸೂಚಿಸಿದ. ನನ್ನ ಮನಸ್ಸಿನಲ್ಲಿದ್ದುದೂ ಅದೇ. ಆದರೂ ಬಾಗಿಲು ತೆರೆದು ಹಿಡಿದು, "ನಿರ್ಧಾರ ತೆಗೆದುಕೊಳ್ಳುವವನು ನಾನು, ತೆಗೆದುಕೊಂಡಾಯಿತು, ನೀವು ಹೊರಡಬಹುದು" ಎಂದು ಗಂಭೀರವಾದ ಇಂಗ್ಲಿಷಿನಲ್ಲಿ ಹೇಳಿದೆ. ಎರಡನೆಯವನು ಎಪ್ಪತ್ತು ದಾಟಿದ ನನ್ನನ್ನು 'ಯಂಗ್ ಮ್ಯಾನ್' ಎಂದ. ಅವನು ಮೆಟ್ಟಿಲು ಹತ್ತುವ ಪ್ರಸಂಗವೇ ಬರಲಿಲ್ಲ. ಮೂರನೆಯವನು ಹೊಸ್ತಿಲಲ್ಲಿ ಯಾರೂ ಹೇಳದೆ ಬೂಟು ಬಿಚ್ಚಿ, ಗೋಡೆಯ ಬದಿಗೆ ಜೋಡಿಸಿಟ್ಟು, 'ಸರ್' ಎಂದ. ಅವನ ಯಂತ್ರ ಯಾವುದೆಂದು ನಾನು ಸರಿಯಾಗಿ ಕೇಳಲೂ ಇಲ್ಲ. ಒಪ್ಪಿಗೆ ಕೊಟ್ಟೆ.

ಅವನ ಹೆಸರು ಕಳುಹಿಸಿದ್ದಕ್ಕೆ ರಿಬೇಟಿನ ಕಚೇರಿಯಿಂದ ಉತ್ತರ ಬಂತು: ಕೆಲಸ ಮಾಡುವವರು ಯೋಜನೆಯಲ್ಲಿ ನೋಂದಾಯಿತರಾಗಿರಬೇಕು, ನೀವು ಆರಿಸಿದವರು ಆಗಿಲ್ಲ. ನೋಂದಾಯಿತರೆಲ್ಲರಿಗೂ ಫೋನು ಮಾಡಿದೆ. ವಸಂತದವರೆಗೆ ಯಾರಿಗೂ ಬಿಡುವಿಲ್ಲ. ಬಿಡುವಿದ್ದದ್ದು ಒಬ್ಬನಿಗೆ. ಕೈಲ್.

"ಕರೀರಿ ಅವನನ್ನೇ" ಎಂದಳು ವಿಮಲಾ.

"ಸಾಧ್ಯವಿಲ್ಲ. ದೇವರ ಮನೆ ಮುಂದೆ ಬೂಟು ಹಾಕ್ಕೊಂಡು ನಿಂತವನು."

"ನೀವು ಹುಡುಕಿದ್ದು ಹೀಟ್ ಪಂಪನ್ನೋ, ಅಳಿಯನನ್ನೋ? ಬೂಟು ಬಿಚ್ಚಿದನಂತೆ, ಸರ್ ಅಂದನಂತೆ! ಮಗು ಚಳೀಲಿ ನಡುಗುವಾಗ ನಿಮ್ಮ ಮರ್ಯಾದೆ ಹೊದಿಸ್ತೀರಾ?"

"ರಿಬೇಟು ಬಿಟ್ಟು ಆ ಬೂಟು ಬಿಚ್ಚಿದವನಿಂದಲೇ ಹಾಕಿಸೋಣ."

"ಹಾಕಿಸಿ. ಆಮೇಲೆ ನಾಗರಾಜು ಕೇಳ್ತಾರಲ್ಲ, ರಾಘಣ್ಣ ನಿಮಗೆ ರಿಬೇಟ್ ಸಿಗಲಿಲ್ವಾ ಅಂತ, ಆಗ ಏನು ಹೇಳ್ಬೇಕು ಅಂತ ಈಗಲೇ ಯೋಚಿಸಿ ಇಟ್ಕೊಳ್ಳಿ."

ಎರಡು ಅವಮಾನಗಳಲ್ಲಿ ಚಿಕ್ಕದನ್ನು ಆರಿಸಿಕೊಳ್ಳುವುದು ಎಷ್ಟು ಕಷ್ಟವೆಂದು ಆ ದಿನಗಳಲ್ಲಿ ತಿಳಿಯಿತು. ಫೋನು ಹಿಡಿಯುವುದು, ಇಡುವುದು, ಕಿಟಕಿಯಲ್ಲಿ ಉದುರುವ ಎಲೆಗಳನ್ನು ನೋಡುವುದು, ಮತ್ತೆ ಹಿಡಿಯುವುದು. ಕೊನೆಗೆ ಕರೆದೆ. ಅವನು ಹಳೆಯದನ್ನು ಎತ್ತಿದರೆ ಹೇಳಲೆಂದು ಘನತೆಯುಳ್ಳ ನಾಲ್ಕು ವಾಕ್ಯಗಳನ್ನೂ ಸಿದ್ಧಪಡಿಸಿಕೊಂಡೆ. ಕ್ಷಮೆಯಂತೆ ಕಾಣಬೇಕು, ಕ್ಷಮೆಯಾಗಿರಬಾರದು, ಅಂಥವು.

ಕೈಲ್ ಬಂದ, ಅದೇ ಬೂಟಿನಲ್ಲಿ. ಬಾಗಿಲಲ್ಲಿ ನಿಂತು ನಗುತ್ತ, ಬಹಳ ಚೆನ್ನಾದ ಮನೆ, ಈ ಬೀದಿಗೆ ತಾನು ಬರುತ್ತಿರುವುದು ಇದೇ ಮೊದಲು ಎಂದ. ಒಳಗೆ ಬಂದು ಕಾಫಿಯ ಮೊದಲ ಗುಟುಕು ಕುಡಿದವನು ತಟ್ಟನೆ ವಿಮಲಾಳತ್ತ ತಿರುಗಿ, "ಓ! ಈ ಕಾಫಿ ನನಗೆ ನೆನಪಿದೆ!" ಎಂದ. ಕಾಫಿ ನೆನಪಿದೆ. ನಾನಿಲ್ಲ. ನನ್ನ ನಾಲ್ಕು ವಾಕ್ಯಗಳಿಗೆ ಅಲ್ಲಿ ಯಾವ ಕೆಲಸವೂ ಉಳಿಯಲಿಲ್ಲ. ಆಮೇಲೆ ಅವನು ಕಾಗದಗಳನ್ನು ತೆಗೆದು, ಈ ಮನೆಯಲ್ಲಿ ನಿರ್ಧಾರ ತೆಗೆದುಕೊಳ್ಳುವವರು ಯಾರು ಎಂದು ಮತ್ತೆ ಕೇಳಿದ. ನಾನು ವಿಮಲಾಳ ಕಡೆ ಕೈ ತೋರಿಸಿದೆ.

ರಿಬೇಟಿಗೆ ಒಪ್ಪಿಗೆ ಬಂತು, ಯಂತ್ರ ಬಂತು, ಹಿಮವೂ ಬಂತು, ಮೇಘಾ ಮಗುವಿನೊಡನೆ ಬಂದಳು. ನಾಮಕರಣಕ್ಕೆ ಬಂದ ನಾಗರಾಜ ಕೋಟು ಬಿಚ್ಚಿ, ಸ್ವೆಟರನ್ನೂ ಬಿಚ್ಚಿ, "ಏನ್ ರಾಘಣ್ಣ, ಇಷ್ಟು ಸೆಕೆ! ಮೊಸರು ಹುಳಿ ಬಂದಿರಬೇಕು" ಎಂದ. ಅದನ್ನು ಹಳೆಯದರ ಪಕ್ಕದಲ್ಲೇ ಇಟ್ಟುಕೊಂಡಿದ್ದೇನೆ. ಆದರೆ ನಿಜವಾಗಿ ನನ್ನನ್ನು ಕಾಡುವವನು ಕೈಲ್. ಅವಮಾನ ಮಾಡಿದವನನ್ನು ಸಹಿಸಬಹುದು. ನಾನು ಮಾಡಿದ ಅವಮಾನವನ್ನೇ ಮರೆತವನನ್ನು ಹೇಗೆ ಸಹಿಸುವುದು? ಈಗ ಆ ಕೋಣೆಯಲ್ಲಿ ಮೊಮ್ಮಗಳು ಕಾಲುಚೀಲ ಒದ್ದು ಬಿಸಾಡಿ ಮಲಗಿರುತ್ತಾಳೆ. ಪಕ್ಕದಲ್ಲಿ ಕುಳಿತು ಅವಳ ಬೆಚ್ಚಗಿನ ಪಾದ ಹಿಡಿದುಕೊಂಡರೆ ಕೈಲ್‌ನ ಮೇಲಿನ ಕೋಪ ಎಷ್ಟು ಹಿಡಿದಿಟ್ಟುಕೊಂಡರೂ ಉಳಿಯದೆ ಕರಗಿಹೋಗುತ್ತದೆ. ಅದಕ್ಕೇ ನಡುನಡುವೆ ಎದ್ದು, ಕೆಳಗಿಳಿದು, ಸ್ವಲ್ಪ ಹೊತ್ತು ಗ್ಯಾರೇಜಿನ ಚಳಿಯಲ್ಲಿ ನಿಂತು ಬರುತ್ತೇನೆ.