ರಂಗಕ್ಕನ ವಾರ್ಷಿಕ ಇಳುವರಿ

ತುರುವೇಕೆರೆಯ ಸಂಯುಕ್ತ ಸ್ಥಳಪರಿಶೀಲನಾ ಕಚೇರಿಯ ದಾಖಲೆಗಳ ಪ್ರಕಾರ, ದಂಡಿನಶಿವರದ ರಂಗಕ್ಕ ಎಪ್ಪತ್ತೊಂದು ವರ್ಷದ ತೆಂಗಿನ ಮರ. ಇದರಲ್ಲಿ ಯಾರ ತಪ್ಪೂ ಇಲ್ಲ.

ಕಚೇರಿಯ ಗುಮಾಸ್ತೆ ಅನಿತಾ ದಿನಕ್ಕೆ ಮೂವತ್ತು ಮರ ನೋಡಿ, ಮೂವತ್ತು ಸಲವೂ ಅದೇ ಮಾತನ್ನು ಬೆರಳು ಸವೆಯುವಂತೆ ಬರೆಯುತ್ತಿದ್ದಳು. ಒಂದು ಮಧ್ಯಾಹ್ನ ಬೇಸತ್ತು, ಮೊಬೈಲಿನ ನೋಟ್ಸ್ ಆ್ಯಪಿನಲ್ಲಿ ಒಂದು ಟೆಂಪ್ಲೇಟ್ ಮಾಡಿಕೊಂಡಳು. ವಯಸ್ಸು, ಎತ್ತರ, ರೋಗ, ವಾರ್ಷಿಕ ಇಳುವರಿ. ಕೊನೆಯ ಸಾಲು ಮೊದಲೇ ಟೈಪಾಗಿ ಕೂತಿತ್ತು: 'ಇಳುವರಿ ಇಲ್ಲದಿದ್ದಲ್ಲಿ ಕಡಿದು ಹೊಸ ಸಸಿ ನೆಡುವುದು.'

ಅಧಿಕಾರಿ ರೇಣುಕಪ್ರಸಾದ್ ಅದನ್ನು ಕಂಡು ಪುಳಕಿತರಾದರು. ಸಂಜೆಯೊಳಗೆ ಸುತ್ತೋಲೆ ಹೊರಬಿತ್ತು: 'ಇನ್ನು ಮುಂದೆ ಸಮಸ್ತ ಟಿಪ್ಪಣಿಗಳನ್ನೂ ಅನುಮೋದಿತ ಟೆಂಪ್ಲೇಟಿನಲ್ಲಿಯೇ ಬರೆಯತಕ್ಕದ್ದು. ಹೊಸ ಟೆಂಪ್ಲೇಟ್ ಬೇಕಾದವರು ಅದಕ್ಕೆಂದು ನಿಗದಿಪಡಿಸಿದ ಟೆಂಪ್ಲೇಟಿನಲ್ಲಿ ಮನವಿ ಸಲ್ಲಿಸತಕ್ಕದ್ದು. ಸದರಿ ಟೆಂಪ್ಲೇಟ್ ಇನ್ನೂ ಸಿದ್ಧವಾಗಿಲ್ಲ.'

ಮರುವಾರ ರಂಗಕ್ಕ ಬಂದಳು. ಪಿಂಚಣಿಗಾಗಿ, ತಾನು ಬದುಕಿದ್ದೇನೆಂದು ಬರೆಸಬೇಕಿತ್ತು. ಸಂಯುಕ್ತ ಕಚೇರಿಯಾದ್ದರಿಂದ ಅದೂ ಇಲ್ಲೇ ಆಗುವ ಕೆಲಸ.

"ಬದುಕಿರೋದಕ್ಕೆ ಟೆಂಪ್ಲೇಟ್ ಇಲ್ಲ ಕಣಜ್ಜಿ," ಎಂದಳು ಅನಿತಾ.

"ಯಾವುದೈತೋ ಅದ್ರಲ್ಲೇ ಬರಿ ಕಣವ್ವ. ಬಸ್ಸು ಹೊಂಟೋಯ್ತದೆ."

ಅನಿತಾ ಬರೆದಳು. ವಯಸ್ಸು, ಎಪ್ಪತ್ತೊಂದು. ಎತ್ತರ, ಐದಡಿಗೆ ಕೊಂಚ ಕಡಿಮೆ. ರೋಗ, ಕೆಮ್ಮು. ಇಳುವರಿಯ ಕಡೆ ಏನೂ ತೋಚದೆ ಸೊನ್ನೆ ಹಾಕಿದಳು.

ಹದಿನೈದನೇ ದಿನ ರಂಗಕ್ಕನ ಕೈಗೆ ಕಡಿಯುವ ನೋಟೀಸು ಬಂತು. ಅಲ್ಲಿಯವರೆಗೆ ಬುಡದಲ್ಲಿ ದನ ಕಟ್ಟಬಾರದೆಂಬ ಸೂಚನೆಯೂ ಅದರಲ್ಲಿತ್ತು. ಅವಳು ಮೊದಲ ಬಸ್ಸಿಗೇ ಓಡಿಬಂದಳು. ನೋಟೀಸು ಓದಿದ ಅನಿತಾ ಮುದುಕಿಯ ಕೈ ಹಿಡಿದು ಸಾಹೇಬರ ಮುಂದೆ ನಿಲ್ಲಿಸಿ, "ಸಾರ್, ಇವರು ಮನುಷ್ಯರು," ಎಂದಳು.

ರೇಣುಕಪ್ರಸಾದ್ ಕನ್ನಡಕ ಏರಿಸಿ ಸಾವಕಾಶವಾಗಿ ನೋಡಿದರು. "ಅದು ಕಾಣಿಸ್ತಿದೆ ಕಣಮ್ಮ. ಆದರೆ ಹಾಗಂತ ಕಾಲಂ ಇಲ್ವಲ್ಲ? ಬೇಕಾದ್ರೆ ಇಳುವರಿ ತಿದ್ದು. ಅದಕ್ಕೆ ಅವಕಾಶವಿದೆ."

"ಏನಾರ ತಿದ್ರಿ ಸ್ವಾಮಿ, ಕಡೀಬ್ಯಾಡಿ," ಎಂದಳು ರಂಗಕ್ಕ.

ಅನಿತಾ ಎಂಬತ್ತು ಕಾಯಿ ಎಂದು ತಿದ್ದಿದಳು. ನೋಟೀಸು ಆ ಕ್ಷಣವೇ ರದ್ದಾಯಿತು, ಪಿಂಚಣಿಯೂ ಮಂಜೂರಾಯಿತು. ಫಲ ಕೊಡುವ ಮರ ಬದುಕಿದೆ ಎಂಬ ಬಗ್ಗೆ ಕಚೇರಿಗೆ ಅನುಮಾನವಿರಲಿಲ್ಲ.

ತಿಂಗಳೊಳಗೆ ಇಳುವರಿ ದೃಢೀಕರಣಕ್ಕೆಂದು ಸಾಹೇಬರು ಅನಿತಾಳನ್ನು ಕರೆದುಕೊಂಡು ದಂಡಿನಶಿವರಕ್ಕೆ ಬಂದರು. ಜೊತೆಗೆ ಕಾಯಿ ಕೀಳುವ ಗಂಗರಾಜು. ಅವನು ರಂಗಕ್ಕನಿಗೆ ಒಂದು ಸುತ್ತು ಬಂದು, "ಯಾವ ಕಡೆಯಿಂದ ಹತ್ಲಿ ಸಾರ್?" ಎಂದು ಕೇಳಿದ.

"ಹತ್ತೋದೇನೂ ಬ್ಯಾಡ ಬುಡಪ್ಪ," ಎನ್ನುತ್ತ ರಂಗಕ್ಕ ಅಟ್ಟದಲ್ಲಿದ್ದ ಎಂಬತ್ತು ಕಾಯಿ ಇಳಿಸಿ ಜಗಲಿಗೆ ಸುರಿದಳು. ಸಾಹೇಬರು ಮಾದರಿ ಪರೀಕ್ಷೆಗೆಂದು ಅಷ್ಟನ್ನೂ ಜೀಪಿಗೆ ಹಾಕಿಸಿಕೊಂಡರು. ಅನಿತಾ ದೃಢೀಕರಣ ಪತ್ರ ತೆಗೆದು 'ಎಂಬತ್ತು' ಎಂದು ತುಂಬಿದಳು. ಆಮೇಲೆ ಷರಾ ಕಾಲಂನಲ್ಲಿ ಬರೆದಳು: 'ಮರ ಸಹಕರಿಸಿತು.'

ಈಗ ತಾಲ್ಲೂಕಿನ ವೃದ್ಧರೆಲ್ಲ ಬದುಕಿದ್ದೇವೆಂದು ಬರೆಸಲು ಚೀಲದಲ್ಲಿ ಕಾಯಿ ಹೊತ್ತುಕೊಂಡೇ ಬರುತ್ತಾರೆ. ಟೆಂಪ್ಲೇಟ್ ಸಲೀಸಾಗಿದೆ ಎಂದು ಜನರ ಅಭಿಪ್ರಾಯ. ಮೊನ್ನೆ ಸೋಮವಾರ ಎಂಬತ್ತರ ಮುದುಕ ಕೆಂಚಯ್ಯ ಕೋಲೂರಿಕೊಂಡು ಅನಿತಾಳ ಮೇಜಿನ ಮುಂದೆ ನಿಂತ.

"ನಂದು ಈ ಸಲ ಅರವತ್ತೇ ಕಾಯಿ ಬರ್ಕೊಳವ್ವ. ಮಂಡಿನೋವು ಜಾಸ್ತಿಯಾಗೈತೆ."

ಅನಿತಾ ಮೊಬೈಲಿನಿಂದ ತಲೆಯೆತ್ತದೆ ಕೇಳಿದಳು: "ಬುಡಕ್ಕೆ ಬೇವಿನಹಿಂಡಿ ಹಾಕಿಸಿದ್ರಾ?"

"ಹೋದ ತಿಂಗಳೇ ಹಾಕಿಸ್ದೆ ಕಣವ್ವ," ಎಂದ ಕೆಂಚಯ್ಯ. "ವಸಿ ಮೇಲು."